ಮೀಯದೆ ಬನ್ನಿ

ಸ್ಟೆರಿಲೈಸರಿನಲ್ಲಿ ಗಾಜಿನ ಸಿರಿಂಜುಗಳು ಕುದಿಯುವಾಗ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಈಗಿನ ನರ್ಸುಗಳಿಗೆ ಆ ಶಬ್ದ ಗೊತ್ತಿಲ್ಲ, ಈಗ ಎಲ್ಲ ಡಿಸ್ಪೋಸೆಬಲ್. ಕುಂದಾಪುರದ ನಮ್ಮ ಹದಿನೆಂಟು ಹಾಸಿಗೆಯ ಆಸ್ಪತ್ರೆಯಲ್ಲಿ ಹೊರರೋಗಿಗಳ ಸಾಲು ಕರಗಿ, ಡಾಕ್ಟರು ಊಟಕ್ಕೆ ಮನೆಗೆ ಹೋದ ಮೇಲೆ ಉಳಿಯುತ್ತಿದ್ದದ್ದು ಅದೊಂದೇ ಶಬ್ದ. ಅದನ್ನು ಕೇಳುತ್ತ ನಾನು ಲಿಂಟ್ ಬಟ್ಟೆ ಕತ್ತರಿಸಿ ಮಡಚುತ್ತಿದ್ದೆ. ಆ ಮಧ್ಯಾಹ್ನವೂ ಅದನ್ನೇ ಮಾಡುತ್ತಿದ್ದಾಗ ಗಂಗೊಳ್ಳಿಯ ದೋಣಿಯಿಂದ ಇಳಿದ ಇಬ್ಬರು ಹೆಂಗಸರು ಬಾಗಿಲಿಗೆ ಬಂದರು. ಅತ್ತೆ ಮತ್ತು ಸೊಸೆ.

ಅತ್ತೆಯನ್ನು ಊರಿಗೆಲ್ಲ ಗೊತ್ತು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬೈಂದೂರಿನವರೆಗೂ ಮನೆಮನೆಗೆ ಹೋಗುವವರು, ಸ್ವರ ಹೊಳೆಯ ಆಚೆ ದಡಕ್ಕೂ ಕೇಳಬೇಕು. ಸೊಸೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಡ ಬೊಂಬಾಯಿಯ ಒಂದು ಹೊಟೇಲಿನಲ್ಲಿ ಅಡುಗೆಗಿದ್ದ, ಊರಿಗೆ ಬಂದು ಹೋಗಿ ಎಂಟು ತಿಂಗಳಾಗಿತ್ತು.

"ಹ್ವಾಯ್ ಅಮ್ಮ, ಈ ಹೆಣ್ಣ್ ಎಲ್ಯೋ ಜಾರಿ ಬಿದ್ದಿತ್ ಕಾಣಿ" ಎಂದರು ಅತ್ತೆ. "ಎಂತಾಯ್ತಂದ್ ಕೇಂಡ್ರೆ ಬಾಯಿ ಬಿಡುದಿಲ್ಲೆ. ಬೆನ್ನೆಲ್ಲ ಕೆತ್ತಿ ಹೋಯಿತ್."

ಸೊಸೆ ನೆಲ ನೋಡುತ್ತ ನಿಂತಿದ್ದಳು.

ನಾನು ನನ್ನ ಕ್ರಮದಂತೆ ಕೆಲಸ ಶುರು ಮಾಡಿದೆ. ಈ ಕ್ರಮದ ಬಗ್ಗೆ ಎರಡು ಮಾತು ಹೇಳಬೇಕು, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ನನಗೆ ಕಲಿಸಿದ ಕಾನ್ವೆಂಟಿನ ಸಿಸ್ಟರ್ ಟ್ಯೂಟರ್ ಒಂದು ಮಾತು ಗಟ್ಟಿ ಮಾಡಿಸಿದ್ದರು: ಕೈ ಹಾಕುವ ಮೊದಲು ಬರೆ, ಕಂಡದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ, ಎಡಗಡೆ ಮಾರ್ಜಿನ್ನಿನಲ್ಲಿ ಟೈಮ್ ಹಾಕು. ಇದು ಒಂದು. ಇನ್ನೊಂದು ನಮ್ಮ ಆಸ್ಪತ್ರೆಯದೇ ರೂಲು. ವಾರ್ಡಿಗೆ ಸೇರುವ ಪ್ರತಿ ರೋಗಿಗೂ ಡೆಟಾಲ್ ಹಾಕಿದ ಬಿಸಿನೀರಿನಲ್ಲಿ ಸ್ಪಾಂಜ್, ಉಟ್ಟ ಬಟ್ಟೆ ಸೀದಾ ವಾಷಿಂಗ್ ಸೋಡದ ಹಂಡೆಗೆ. ಕಜ್ಜಿ, ಹೇನು, ಟೈಫಾಯ್ಡ್ ಎಲ್ಲ ಇದ್ದ ಕಾಲ. ಈ ರೂಲನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ಇರಲಿಲ್ಲ. ನನ್ನ ವಾರ್ಡು ಕ್ಲೀನ್ ಎಂದು ನನಗೆ ಬಹಳ ಜಂಬ.

ಬರೆದೆ. ಎರಡು ಗಂಟೆ ಹತ್ತು ನಿಮಿಷ. ಬೆನ್ನಿನ ಮೇಲ್ಭಾಗದಲ್ಲಿ, ಎರಡೂ ಮೊಣಕೈಯಲ್ಲಿ ತರಚು. ಎರಡೂ ಮಣಿಕಟ್ಟಿನ ಸುತ್ತ ಬೆರಳಿನ ಅಗಲದ ಕೆಂಪು ಗುರುತು. ಬೆನ್ನಿನ ಗಾಯದಲ್ಲಿ ಬೂದು ಬಣ್ಣದ ಗಟ್ಟಿ ಕಣಗಳು ಹೂತಿವೆ.

ಕಣಗಳನ್ನು ಫೋರ್ಸೆಪ್ಸಿನಿಂದ ಒಂದೊಂದಾಗಿ ಕಿತ್ತೆ. ಕಡಲೆ ಕಾಳಿನಷ್ಟು ದಪ್ಪದ ಹರಳುಪ್ಪು. ಉಪ್ಪು ತಾಗಿದ ಗಾಯ ಎಷ್ಟು ಉರಿಯಬೇಡ! ಆದರೆ ಅವಳು ಹಾ ಎನ್ನಲಿಲ್ಲ. ಕಿತ್ತದ್ದನ್ನೆಲ್ಲ ಒಣಗಿದ ಖಾಲಿ ಪೆನಿಸಿಲಿನ್ ಬಾಟ್ಲಿಗೆ ಹಾಕಿ, ರಬ್ಬರ್ ಮುಚ್ಚಳ ಒತ್ತಿ, ಅಂಟುಪಟ್ಟಿಯ ಮೇಲೆ ಹೆಸರು, ಟೈಮ್ ಬರೆದು ಅಂಟಿಸಿದೆ. ಹಾಳೆಯಲ್ಲೂ ಹಾಕಿದೆ: ಎರಡು ಮೂವತ್ತೈದು, ಉಪ್ಪು. ಇದಕ್ಕೆ ದೊಡ್ಡ ಬುದ್ಧಿವಂತಿಕೆ ಏನೂ ಕಾರಣವಲ್ಲ. ಗಂಗೊಳ್ಳಿಯ ಮೀನುಗಾರರು ಗಾಳದ ಕೊಕ್ಕೆ, ತೊರಕೆ ಮೀನಿನ ಮುಳ್ಳು ಚುಚ್ಚಿಸಿಕೊಂಡು ಬರುವವರು. ಒಳಗೆ ಹೊಕ್ಕಿದ್ದನ್ನು ಹೊರಗೆ ತೆಗೆದು ಕಣ್ಣೆದುರು ಹಿಡಿಯದಿದ್ದರೆ ಅವರಿಗೆ ಗಾಯ ಮಾಯುತ್ತದೆ ಎಂಬ ನಂಬಿಕೆಯೇ ಬರುವುದಿಲ್ಲ. "ಕಾಣ್ಸಿ ಅಮ್ಮ, ಕಾಣ್ಸಿ" ಎಂದು ಪೀಡಿಸುತ್ತಿದ್ದರು. ಹಾಗಾಗಿ ತೆಗೆದದ್ದನ್ನು ಬಾಟ್ಲಿಗೆ ಹಾಕಿ ಇಡುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಕಪಾಟಿನ ಒಂದು ಹಲಗೆ ತುಂಬ ಮುಳ್ಳು, ಕೊಕ್ಕೆಗಳ ಮ್ಯೂಸಿಯಮ್ಮೇ ಇತ್ತು.

ಆಮೇಲೆ ಅವಳನ್ನು ವಾರ್ಡಿಗೆ ಸೇರಿಸಿಕೊಂಡು ಸ್ಪಾಂಜ್ ಮಾಡಿದೆ. ತಲೆಯಿಂದ ಕಾಲಿನವರೆಗೆ, ಪೂರ್ತಿ. ಸೀರೆ, ರವಿಕೆ, ಒಳಲಂಗ ಮೂರನ್ನೂ ಬೀಜಾಡಿಯ ನಮ್ಮ ಆಯಾ ಹಂಡೆಗೆ ಹಾಕಿ ಕುದಿಸಿದಳು. ಅದನ್ನೂ ಬರೆದೆ. ಎರಡು ಐವತ್ತು, ಸ್ಪಾಂಜ್. ಮೂರು, ಬಟ್ಟೆ ಬಾಯಿಲ್ಡ್.

ಅತ್ತೆ ಚಹಾ ಕುಡಿಯಲು ಹೊರಗೆ ಹೋಗಿದ್ದರು. ನಾನು ಆಸ್ಪತ್ರೆಯ ಬಿಳಿ ಸೀರೆ ಉಡಿಸಿ, ಮಣಿಕಟ್ಟಿಗೆ ಮುಲಾಮು ಹಚ್ಚುತ್ತಿದ್ದಾಗ ಸೊಸೆ ಮೊದಲ ಬಾರಿ ಮಾತಾಡಿದಳು.

"ಅಮ್ಮ, ನಾನ್ ಜಾರಿ ಬಿದ್ದದ್ದಲ್ಲ."

ನನ್ನ ಕೈ ನಿಂತಿತು. ಅವಳು ಗೋಡೆಗೆ ಮುಖ ಮಾಡಿ, ನಾಲ್ಕೇ ವಾಕ್ಯದಲ್ಲಿ ಹೇಳಿ ಮುಗಿಸಿದಳು. ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು ಮೀನಿಗೆ ಉಪ್ಪು ಹಾಕಿ ಒಣಗಿಸುವ ಒಂದು ಯಾರ್ಡಿಗೆ. ಮಳೆಗಾಲಕ್ಕೆ ಮುಚ್ಚಿದ್ದ ಯಾರ್ಡು ನೂಲಹುಣ್ಣಿಮೆ ಕಳೆದು ಇನ್ನೇನು ತೆರೆಯಬೇಕು. ಹೊಸ ಸೀಸನ್ನಿಗೆ ಹೆಸರು ಕೊಡಲು ಬಾ ಎಂದು ಯಾರ್ಡಿನ ಮೇಸ್ತ್ರಿ ಹೇಳಿ ಕಳಿಸಿದ್ದ. ಬೆಳಿಗ್ಗೆ ಹೋದಳು. ಬೇರೆ ಯಾರೂ ಇರಲಿಲ್ಲ. ಉಪ್ಪಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ.

ನಾನು ಟ್ರೇಯ ಕಡೆ ನೋಡಿದೆ. ಅದರಲ್ಲಿ ಡೆಟಾಲ್ ನೀರು ಬೆಳ್ಳಗಾಗಿ ನಿಂತಿತ್ತು. ಮೈ ಗಾಡ್, ನಾನು ಏನು ಮಾಡಿಬಿಟ್ಟೆ! ಕಿಟಕಿಯ ಹೊರಗೆ ಆಯಾ ಸೀರೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಇದ್ದ ಸಾಕ್ಷಿಯನ್ನೆಲ್ಲ ನನ್ನ ಕೈಯಾರೆ ತೊಳೆದು, ಕುದಿಸಿ, ಒಣಹಾಕಿಸಿದ್ದೆ. ಮೂವತ್ತು ನಿಮಿಷ ತಡೆದಿದ್ದರೆ ಸಾಕಿತ್ತು.

ಆದರೆ ಅವಳೆದುರು ಅಳುವುದಕ್ಕೆ ನನಗೆ ಹಕ್ಕಿರಲಿಲ್ಲ. ಸ್ಟೂಲು ಎಳೆದು, ಅವಳ ಕಣ್ಣಿಗಿಂತ ಕೆಳಗೆ ಬರುವಂತೆ ಕೂತೆ.

"ನೀನು ಹೇಳಿದ್ದನ್ನು ನಾನು ನಂಬುತ್ತೇನೆ. ಇನ್ನು ಮುಂದೆ ಏನು ಮಾಡಬೇಕೆಂದು ಹೇಳುವವಳು ನೀನು. ಪೊಲೀಸಿಗೆ ಹೇಳಬೇಕೋ, ಬೇಡವೋ? ಅತ್ತೆಗೆ?"

"ಪೊಲೀಸಿಗೆ ಹೇಳ್ಕ್. ಅತ್ತೆಗೆ ನಾನೇ ಹೇಳ್ತೆ" ಎಂದಳು. ಮತ್ತೆ, "ಅವ ಹೇಳ್ದ, ನಿನ್ನ ಮಾತ್ ಯಾರ್ ನಂಬುದ್ ಅಂದೇಳಿ. ಅದೇ ನಂಗೆ ಕಿಮಿಯಂಗೆ ಇತ್ತ್."

ನೋಡಿ, ಅಲ್ಲಿಂದ ಮುಂದೆ ಒಂದೂವರೆ ವರ್ಷ ನಾವು ಹೋರಾಡಿದ್ದು ಅವಳ ಕಿವಿಯಲ್ಲಿ ಉಳಿದ ಅವನ ಆ ಒಂದು ಮಾತಿನೊಂದಿಗೆ.

ಅತ್ತೆ ಬಂದರು. ನಾನು ಪರದೆಯಾಚೆ ನಿಂತೆ. ಒಳಗೆ ಪಿಸುಮಾತು. ಇನ್ನು ಎದೆ ಬಡಿದುಕೊಳ್ಳುತ್ತಾರೆ, ಸೊಸೆಗೆ ಬೈಯುತ್ತಾರೆ ಎಂದು ನಾನು ಕಾದೆ. ಅತ್ತೆ ಪರದೆ ಸರಿಸಿ ಹೊರಗೆ ಬಂದು ಸೆರಗು ಸೊಂಟಕ್ಕೆ ಬಿಗಿದರು.

"ಠಾಣೆ ಈಗ ತೆರ್ದಿರತ್ತಾ ಅಮ್ಮ?"

ಹೊರಡುವ ಮೊದಲು ಮೇಜಿನ ಮೇಲಿನ ಬಾಟ್ಲಿ ಅವರ ಕಣ್ಣಿಗೆ ಬಿತ್ತು. ಎತ್ತಿ ಬೆಳಕಿಗೆ ಹಿಡಿದರು.

"ಇದೆಂತ? ಇವ್ಳ ಬೆನ್ನಂಗಿದ್ದದ್ದಾ? ಇದ್ ನಮ್ಮನಿ ಉಪ್ಪಲ್ಲ." ಮುಚ್ಚಳ ತೆಗೆಯಲು ಹೋದರು. "ತಡೀನಿ, ನಾಲ್ಗಿಗಿಟ್ಟ್ ಕಾಂತೆ."

"ಅಯ್ಯೋ, ಬೇಡ ಬೇಡ!" ಎಂದು ಕಸಿದುಕೊಂಡೆ.

"ನಾಲ್ಗಿ ಬ್ಯಾಡ, ಕಣ್ಣೇ ಸಾಕ್. ಇದ್ ಮೊನ್ನೆ ಮಂಜಿಯಂಗೆ ಬಂದದ್ದ್. ಹ್ವಾದೊರ್ಷದ್ದ್ ಬಿಳಿ, ಸಣ್ಣ. ಇದ್ ಕಾಣಿ, ಬೂದಿ ಬಣ್ಣ. ಮಂಜಿಯಿಂದ ಇಳ್ಸಿ ಕೋಣಿಗ್ ಹಾಕಿ ಬೀಗ ಹಾಕಿದ್ರ್, ಒಂದ್ ಬುಟ್ಟಿಯೂ ಹೊರಗ್ ಬರ್ಲಿಲ್ಲೆ. ಬೀಗದ ಕೈ ಆ ಮೇಸ್ತ್ರಿ ಸ್ವಾಂಟದಂಗೇ ಇಪ್ಪುದ್."

ಅವರು ಹೇಳಿದ್ದರ ಅರ್ಥ ನನಗೆ ಇಳಿಯಲು ಒಂದು ಕ್ಷಣ ಬೇಕಾಯಿತು. ಮಂಜಿ ಅಂದರೆ ಹಾಯಿ ಕಟ್ಟಿದ ಸರಕಿನ ಹಡಗು. ಕಡಲು ತೆರೆದ ಮೇಲೆ ಅದರಲ್ಲಿ ಬಂದ ಈ ಉಪ್ಪು ಇದ್ದದ್ದು ಇಡೀ ಗಂಗೊಳ್ಳಿಯಲ್ಲಿ ಒಂದೇ ಕೋಣೆಯಲ್ಲಿ. ಸೊಸೆಯ ಬೆನ್ನಿನೊಳಗೆ ಅದು ಹೂತಿರಬೇಕಾದರೆ ಬೀಗ ತೆಗೆದವನು ಒಬ್ಬನೇ. ನಾನು ತೊಳೆದ ಮೇಲೂ ಉಳಿದದ್ದು ಒಂದಿತ್ತು.

ಆದರೆ ಮೊದಲ ತೊಡಕು ಅಲ್ಲೇ ಕಾದಿತ್ತು. ಠಾಣೆಯ ಹೆಡ್‌ ಕಾನ್‌ಸ್ಟೇಬಲ್, ಡಾಕ್ಟರ ಚೀಟಿ ಇಲ್ಲದೆ ದೂರು ಬರೆಯುವುದಿಲ್ಲ ಎಂದರಂತೆ. ಅತ್ತೆ ಡಾಕ್ಟರ ಮನೆಗೆ ಹೋದರು. ಠಾಣೆಯ ರಿಕ್ವಿಸಿಷನ್ ಚೀಟಿ ಇಲ್ಲದೆ ಇಂಥ ಕೇಸು ಮುಟ್ಟುವ ಹಾಗಿಲ್ಲ ಎಂದರು ಅವರು. ಮತ್ತೆ ಠಾಣೆ, ಮತ್ತೆ ಡಾಕ್ಟರು. ಮೂರನೆಯ ಸಲ ಅತ್ತೆ ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಕೂಗಿದ್ದು ಇಡೀ ವಾರ್ಡಿಗೆ ಕೇಳಿತು: "ಆ ಪೊಲೀಸಿಗೂ ಈ ಡಾಕ್ಟ್ರಿಗೂ ಮೊದ್ಲ್ ಮದಿ ಮಾಡಿ ಮಾರ್ರೆ! ಇಬ್ರೂ ಒಂದೇ ಮನಿಯಂಗಿದ್ರೆ ನಂಗೆ ನಡೂಕೆ ಸಸಾರ!"

ಆ ಮದುವೆ ಮಾಡಿಸಲೆಂದೇ ನಾನು ಏಪ್ರನ್ ಬಿಚ್ಚಿಟ್ಟು, ಬಿಳಿ ಕ್ಯಾಪು ಮಾತ್ರ ಹಾಗೇ ಇಟ್ಟುಕೊಂಡು ಠಾಣೆಗೆ ನಡೆದೆ. ಪೇಟೆಯ ಅಂಗಡಿಯವರೆಲ್ಲ ಎದ್ದು ನೋಡಿದರು. ನಮ್ಮ ಬ್ರಹ್ಮಾವರದ ಕಡೆ, ಗದ್ದೆ ಬೇಸಾಯದ ಮನೆತನದ ಹೆಣ್ಣು ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಆ ಕಾಲದಲ್ಲಿ ಸಣ್ಣ ಸುದ್ದಿಯಲ್ಲ. ಹೆಡ್‌ ಕಾನ್‌ಸ್ಟೇಬಲ್ ನನ್ನ ಕ್ಯಾಪು ನೋಡಿ ಎದ್ದು ನಿಂತರು. ಕೂತೇ ಮಾತಾಡಿದ್ದರೆ ಏನಾಗುತ್ತಿತ್ತೋ! "ಚೀಟಿ ನೀವು ಬರೆಯಿರಿ. ಮೊದಲು ಬರೆದವರು ನೀವೆಂದು ನಾನು ಸಾಕ್ಷಿ ಹೇಳುತ್ತೇನೆ" ಎಂದೆ. ಬರೆದರು.

ಡಾಕ್ಟರು ನಾಲ್ಕೂವರೆಗೆ ಬಂದು ಪರೀಕ್ಷೆ ಮಾಡಿದರು. ಒಳ್ಳೆಯ ಮನುಷ್ಯ, ನಿವೃತ್ತಿ ಹತ್ತಿರವಿತ್ತು, ಕೋರ್ಟೆಂದರೆ ಜ್ವರ ಬರುವಷ್ಟು ಹೆದರಿಕೆ. ನಾನು ಒಂದು ಶರತ್ತು ಹಾಕಿದ್ದೆ: ಪ್ರತಿ ಸಲ ಮುಟ್ಟುವ ಮೊದಲು ಅವಳಿಗೆ ಹೇಳಬೇಕು, ಅವಳು ಸಾಕು ಎಂದರೆ ನಿಲ್ಲಿಸಬೇಕು. "ಹೀಗೆ ಯಾವ ಪುಸ್ತಕದಲ್ಲಿದೆ, ಸಿಸ್ಟರ್?" ಎಂದರು. "ಪುಸ್ತಕದಲ್ಲಿಲ್ಲ, ಡಾಕ್ಟರ್" ಎಂದೆ. ಅವಳು ಎರಡು ಸಲ ಸಾಕು ಎಂದಳು. ಅವರು ಎರಡು ಸಲವೂ ನಿಲ್ಲಿಸಿ ಕಿಟಕಿಯಾಚೆ ನೋಡುತ್ತ ನಿಂತರು. ಆಮೇಲೆ ಆಕೆಯೇ "ಆಯ್ತ್, ಮಾಡಿ" ಎಂದಳು. ಆ ದಿನ ಅವಳ ಮೈಯ ಮೇಲೆ ಅವಳ ಅಪ್ಪಣೆ ನಡೆದದ್ದು ಅಲ್ಲಿ ಮೊದಲು.

ಟೆಟನಸ್ ಸೀರಮ್, ಪೆನಿಸಿಲಿನ್ನಿನ ಕೋರ್ಸು ಶುರುವಾಯಿತು. ಬಾಟ್ಲಿಗೆ ಅರಗಿನ ಮುದ್ರೆ ಬಿತ್ತು. ಹೆಡ್‌ ಕಾನ್‌ಸ್ಟೇಬಲ್ ಬಟ್ಟೆ ಎಲ್ಲಿ ಎಂದು ಕೇಳಿದಾಗ ಆಯಾ ಹೆಮ್ಮೆಯಿಂದ ಹಗ್ಗದತ್ತ ಕೈ ತೋರಿಸಿದಳು. ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

"ಸಿಸ್ಟ್ರೇ, ನೀವೇ ಕುದ್ಸುಕೆ ಹೇಳದ್ದಲ್ದಾ?" ಎಂದು ಆಯಾ ಆಮೇಲೆ ನನ್ನ ಹತ್ತಿರ ಅತ್ತಳು. "ಹೌದು, ನಾನೇ" ಎಂದೆ.

ಮರುದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ನಾನು ಬರೆದ ಹಾಳೆ ಅವರೆದುರಿಗಿತ್ತು, ಪಕ್ಕದಲ್ಲಿ ಒಂದು ಖಾಲಿ ಹಾಳೆ.

"ಪೊಲೀಸರು ಹತ್ತು ಗಂಟೆಗೆ ರೆಕಾರ್ಡ್ ಒಯ್ಯುತ್ತಾರೆ. ಇದನ್ನೊಂದು ನೀಟಾಗಿ ಕಾಪಿ ಮಾಡಿ, ಸಿಸ್ಟರ್. ಕಡೆಯ ಎರಡು ಸಾಲು ಬೇಡ. ಸ್ಪಾಂಜು, ಬಟ್ಟೆ, ಅದೆಲ್ಲ ಯಾಕೆ? ಆಸ್ಪತ್ರೆಗೂ ಒಳ್ಳೆಯದಲ್ಲ, ಆ ಹುಡುಗಿಗೂ ಒಳ್ಳೆಯದಲ್ಲ. ವಕೀಲರು ನಿಮ್ಮನ್ನು ಹರಿದು ತಿನ್ನುತ್ತಾರೆ."

ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಅದೇ ಕಷ್ಟ. ನಾನು ಪೆನ್ನು ತೆಗೆದೆ. ಹೆಸರು ಬರೆದೆ, ಎರಡು ಹತ್ತು ಎಂದು ಮಾರ್ಜಿನ್ನಿನಲ್ಲಿ ಹಾಕಿದೆ. ಗಾಯಗಳನ್ನು ಬರೆದೆ. ಉಪ್ಪು ಬರೆದೆ. ಅಲ್ಲಿ ಪೆನ್ನು ನಿಂತಿತು.

ಉಪ್ಪು ತೆಗೆದದ್ದು ತೊಳೆಯುವ ಮೊದಲು. ಅದಕ್ಕೇ ಬೆಲೆ. ತೊಳೆದದ್ದನ್ನೇ ಅಳಿಸಿದರೆ 'ಮೊದಲು' ಅನ್ನುವ ಮಾತೂ ಹೋಗುತ್ತದೆ. ಇದು ಒಂದು ಲೆಕ್ಕ. ಅದಕ್ಕಿಂತ ದೊಡ್ಡದು ಇನ್ನೊಂದು. ಒಳಗೆ ಹಾಸಿಗೆಯಲ್ಲಿ ಮಲಗಿರುವವಳಿಗೆ, ನಡೆದದ್ದನ್ನು ನಡೆದ ಹಾಗೆ ನೂರು ಜನರೆದುರು ಹೇಳು ಎಂದು ನಾನು ಹೇಳಬೇಕಿತ್ತು. ಅವಳಿಂದ ಅಷ್ಟು ಕೇಳುವವಳು ಎರಡು ಸಾಲಿಗೆ ಹೆದರುವುದೇ?

ಹೊಸ ಹಾಳೆಯನ್ನು ನಾಲ್ಕಾಗಿ ಹರಿದೆ.

"ತಪ್ಪು ಮಾಡಿದ್ದು ನಾನು, ಬರೆದದ್ದೂ ನಾನು. ಎರಡೂ ಇರಲಿ, ಡಾಕ್ಟರ್."

ಅವರು ಹರಿದ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದರು. ಆಮೇಲೆ ನನ್ನ ಹಳೆಯ ಹಾಳೆಯನ್ನು ತಮ್ಮತ್ತ ಎಳೆದು, ಕೆಳಗೆ ಇನಿಷಿಯಲ್ ಹಾಕಿ ಟೈಮ್ ಬರೆದರು. ಅವರ ರಿಪೋರ್ಟಿನ ಕೊನೆಯಲ್ಲಿ ಒಂದು ವಾಕ್ಯವಿತ್ತು. ಮದುವೆಯಾದ ಹೆಂಗಸಾದ್ದರಿಂದ ಇಷ್ಟರ ಮೇಲೆ ಖಚಿತ ಅಭಿಪ್ರಾಯ ಸಾಧ್ಯವಿಲ್ಲ ಎಂದು. ಇಂಥ ರಿಪೋರ್ಟಿಗೆಲ್ಲ ಎಲ್ಲರೂ ಹಚ್ಚುತ್ತಿದ್ದ ಬಾಲ ಅದು. ನಾನು ಅದರ ಮೇಲೆ ಬೆರಳಿಟ್ಟು, "ಇದು ಕಂಡದ್ದೋ, ಅಂದುಕೊಂಡದ್ದೋ?" ಎಂದೆ. ಅವರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಆ ವಾಕ್ಯದ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಸಹಿಯನ್ನೂ ಹಾಕಿದರು. ಆ ಮನುಷ್ಯನ ಬಗ್ಗೆ ನನಗೆ ಇಂದಿಗೂ ಗೌರವ.

ಆಮೇಲೆ ಕಾಯುವ ಕಾಲ. ಸೊಸೆ ಹತ್ತು ದಿನ ಇಂಜೆಕ್ಷನ್ನಿಗೆ ದೋಣಿ ದಾಟಿ ಬಂದಳು. ಆರನೆಯ ದಿನವೋ ಏಳನೆಯ ದಿನವೋ ಕೇಳಿದಳು: "ಅಮ್ಮ, ಬಸ್ರಿ ಆಯ್ರೆ?"

ಗರ್ಭ ತೆಗೆಸುವ ವಿಷಯದಲ್ಲಿ ಆಗಿನ ಕಾನೂನು ಈಗಿನಂತಲ್ಲ. ನನ್ನ ಕಪಾಟಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಸುಳ್ಳು ಸಮಾಧಾನ ಹೇಳಲಿಲ್ಲ. "ಗೊತ್ತಿಲ್ಲ. ಹಾಗೇನಾದರೂ ಆದರೆ ಆಗಲೂ ನಾನು ಇಲ್ಲೇ ಇರುತ್ತೇನೆ" ಎಂದೆ. ನನ್ನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ದಿನ ಗುರುತು ಮಾಡುತ್ತಿದ್ದೆ. ಅವಳೂ ಮಾಡುತ್ತಿದ್ದಳು, ಒಲೆಯ ಮಸಿಯಿಂದ, ಗೋಡೆಯ ಮೇಲೆ.

ಹತ್ತೊಂಬತ್ತನೆಯ ದಿನ ಆಯಾ ಗೇಟಿನಿಂದಲೇ ಕೂಗುತ್ತ ಓಡಿ ಬಂದಳು. "ಸಿಸ್ಟ್ರೇ! ಹೊರಗ್ ಕೂಕಂಡಿತಂಬ್ರ್!"

ಮುಟ್ಟಾದ ಹೆಂಗಸನ್ನು ಮೂರು ದಿನ ಹೊರಗೆ ಕೂರಿಸುವ ಪದ್ಧತಿಯೆಂದರೆ ಕಾನ್ವೆಂಟಿನಲ್ಲಿ ಓದಿದ ನನಗೆ ಮೈ ಉರಿಯುತ್ತಿತ್ತು. ಎಷ್ಟು ಮನೆಗಳಲ್ಲಿ ಅದಕ್ಕಾಗಿ ಜಗಳವಾಡಿದ್ದೆ! ಆ ದಿನ ಮಾತ್ರ ಅದಕ್ಕೆ ಕೈ ಮುಗಿದೆ. ಅತ್ತೆ ಹಿತ್ತಿಲಲ್ಲಿ ಹಾಕಬೇಕಾದ ಚಾಪೆಯನ್ನು ಎದುರಿನ ಅಂಗಳದಲ್ಲಿ, ದಾರಿಗೆ ಕಾಣುವ ಹಾಗೆ ಹಾಸಿದ್ದರಂತೆ. ಬಾಯಿಗೆ ಬಂದದ್ದು ಆಡುತ್ತಿದ್ದ ಊರು ಆ ದಾರಿಯಲ್ಲೇ ಮೀನಿಗೆ ಹೋಗಬೇಕು, ನೀರಿಗೆ ಹೋಗಬೇಕು. "ಕಂಡ್ಕಣ್ಲಿ ಎಲ್ರೂ, ಕಣ್ಣ್ ತುಂಬ" ಎಂದು ಅತ್ತೆ ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದರಂತೆ. ನಾನೂ ಆಯಾಳೂ ಲಿನನ್ ಕೋಣೆಯ ಬಾಗಿಲು ಹಾಕಿಕೊಂಡು ನಕ್ಕೆವು, ಅತ್ತೆವು, ಮತ್ತೆ ನಕ್ಕೆವು.

ಬೊಂಬಾಯಿಗೆ ಕಾಗದ ಬರೆದವಳೂ ನಾನೇ. ಅತ್ತೆ ಹೇಳಿದರು, ನಾನು ಬರೆದೆ. ನಡೆದದ್ದನ್ನು ಪೂರ್ತಿ ಹೇಳಿ ಕೊನೆಗೆ ಮಗನಿಗೆ ಒಂದು ಸಾಲು: "ಬಪ್ಪುದಾರೆ ಅವ್ಳ್ ಬದಿಗ್ ನಿಲ್ಲೂಕೆ ಬಾ. ಬೈಯೂಕೆ ಬಪ್ಪುದಾರೆ ಅಲ್ಲೇ ಇರ್, ಇಲ್ಲ್ ನಾನಿದ್ದೆ." ಅವನು ಬಂದ. ಹೆಚ್ಚು ಮಾತಿಲ್ಲದ ಮನುಷ್ಯ. ಆಸ್ಪತ್ರೆಯ ಜಗಲಿಯಲ್ಲಿ ಕೂತು ನನ್ನ ಹತ್ತಿರ ಕೇಳಿದ್ದು ಒಂದೇ: "ಅವ್ಳ್ ರಾತ್ರಿ ನಿದ್ರಿ ಮಾಡುಕೆ ನಾನೆಂತ ಮಾಡ್ಕ್?" ದೀಪ ಆರಿಸಬೇಡ, ಅವಳು ಕರೆಯುವವರೆಗೆ ಹತ್ತಿರ ಹೋಗಬೇಡ, ಎಂದೆ. ತಲೆಯಾಡಿಸಿದ.

ಕೇಸು ಮೊದಲು ಕುಂದಾಪುರದ ಮ್ಯಾಜಿಸ್ಟ್ರೇಟರ ಮುಂದೆ, ಆಮೇಲೆ ಮಂಗಳೂರಿನ ಸೆಷನ್ಸ್ ಕೋರ್ಟಿಗೆ ಹೋಯಿತು. ಮೇಸ್ತ್ರಿಯ ಹೇಳಿಕೆ ಸರಳ: ಆ ಹೆಂಗಸು ಆ ದಿನ ಯಾರ್ಡಿಗೆ ಬಂದೇ ಇಲ್ಲ. ಉಪ್ಪಿನ ಕೋಣೆ ಮಂಜಿ ಇಳಿಸಿದ ಮೇಲೆ ತೆರೆದೇ ಇಲ್ಲ. ಬೀಗದ ಕೈ ತನ್ನ ಸೊಂಟ ಬಿಟ್ಟು ಇಳಿದೇ ಇಲ್ಲ. ಕೊನೆಯದನ್ನು ಜಂಬದಿಂದ ಹೇಳಿದ್ದ.

ಸಾಕ್ಷಿಗೆ ಮುಂಚಿನ ಎರಡು ವಾರ ಲಿನನ್ ಕೋಣೆಯೇ ನಮ್ಮ ಕೋರ್ಟು. ಕಂಬಳಿಗಳ ರಾಶಿಯ ಮೇಲೆ ಕೂತು ನಾನು ವಕೀಲಳಾದೆ. ಏನು ಹೇಳಬೇಕೆಂದು ಕಲಿಸಲಿಲ್ಲ, ಅದು ಅವಳದ್ದು. ಹೇಗೆ ನಿಲ್ಲಬೇಕು, ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಹೇಗೆ ಉಸಿರು ತೆಗೆದುಕೊಳ್ಳಬೇಕು, ಇಷ್ಟೇ.

"ನೀನು ಅವನನ್ನು ನೋಡಿ ನಕ್ಕಿದ್ದು ಹೌದಲ್ಲವೇ?" ಎಂದು ದರ್ಪದಿಂದ ಕೇಳಿದೆ.

"ಯಾರ್ ನಕ್ಕದ್ದ್? ನಿನ್ನಬ್ಬೆ ನಕ್ಕದ್ದ್!" ಎಂದರು ಮೂಲೆಯಿಂದ ಅತ್ತೆ.

"ಅಮ್ಮ, ನೀವು ಸುಮ್ಮನಿರಿ, ಪ್ರಶ್ನೆ ನಿಮಗಲ್ಲ."

"ಕೋರ್ಟಂಗೂ ಹೀಂಗೇ ಕೇಂಬ್ರಾ? ಹಾಂಗಾರೆ ನನ್ನನ್ ಹೊರಗೇ ಕೂರ್ಸಿ."

ಸೊಸೆ ನಕ್ಕಳು. ಆ ಮಧ್ಯಾಹ್ನದ ನಂತರ ನಾನು ಕಂಡ ಅವಳ ಮೊದಲ ನಗು. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನು, ಎದೆ ಹಿಡಿದ ಹಾಗಾದರೆ ನೀರು ಕೇಳು ಎಂದು ಹೇಳಿಕೊಟ್ಟೆ. ನೀರು ಕೇಳಿದರೆ ಯಾವ ಜಡ್ಜೂ ಇಲ್ಲ ಎನ್ನುವುದಿಲ್ಲ.

ಸಾಕ್ಷಿಯ ದಿನ ಸರಕಾರಿ ವಕೀಲರು ಕೇಳಿಕೊಂಡ ಮೇಲೆ ಜಡ್ಜರು ಕೋರ್ಟ್ ಹಾಲಿನಲ್ಲಿದ್ದ ಜನರನ್ನೆಲ್ಲ ಹೊರಗೆ ಕಳಿಸಿ, ಸೊಸೆ ಹೇಳುವಾಗ ನನ್ನನ್ನು ಸಾಕ್ಷಿಕಟ್ಟೆಯ ಹತ್ತಿರ ನಿಲ್ಲಲು ಬಿಟ್ಟರು. ಅದಕ್ಕಾಗಿ ನನ್ನ ಸಾಕ್ಷಿಯನ್ನು ಮೊದಲೇ ಮುಗಿಸಿದರು. ಎದುರು ವಕೀಲರು ಇಂಗ್ಲಿಷಿನಲ್ಲಿ ಶುರು ಮಾಡಿದರು, ಹಳ್ಳಿ ನರ್ಸು ತಡವರಿಸಲಿ ಎಂದಿರಬೇಕು. ನಾನೂ ಇಂಗ್ಲಿಷಿನಲ್ಲೇ ಉತ್ತರಿಸಿದೆ, ಸಿಸ್ಟರ್ ಟ್ಯೂಟರ್ ಕಲಿಸಿದ ಉಚ್ಚಾರದಲ್ಲಿ. ಜಡ್ಜರು ತಲೆಯೆತ್ತಿ ನೋಡಿದರು.

"ಸಾಕ್ಷಿಯನ್ನು ತೊಳೆದು ನಾಶ ಮಾಡಿದ್ದು ನೀವೇ ಅಲ್ಲವೇ?"

"ಎಸ್, ಸರ್. ನಾನೇ. ತಪ್ಪಾಯಿತು."

ಅವರು ಒಂದು ಕ್ಷಣ ಬಾಯಿ ತೆರೆದೇ ನಿಂತರು. ನನ್ನಿಂದ ಆ ಮಾತು ಹೊರಡಿಸಲು ಇನ್ನೂ ಏಳೆಂಟು ಪ್ರಶ್ನೆ ಕಟ್ಟಿಕೊಂಡು ಬಂದಿದ್ದರು, ಅವೆಲ್ಲ ಕೈಯಲ್ಲೇ ಉಳಿದವು. ಜಡ್ಜರು ನನ್ನ ಹಾಳೆ ತರಿಸಿ ಮಾರ್ಜಿನ್ನಿನ ಮೇಲೆ ಬೆರಳಾಡಿಸಿದರು. ಎರಡು ಮೂವತ್ತೈದು, ಉಪ್ಪು. ಎರಡು ಐವತ್ತು, ಸ್ಪಾಂಜ್. ತನ್ನ ತಪ್ಪನ್ನೂ ಹೀಗೆ ನಿಮಿಷ ಹಾಕಿ ಬರೆದವಳು ಉಪ್ಪನ್ನು ಮಾತ್ರ ಕಟ್ಟಿ ಬರೆದಳೆನ್ನಲು ಆಮೇಲೆ ಎದುರು ವಕೀಲರೂ ಹೋಗಲಿಲ್ಲ.

ಅತ್ತೆಯನ್ನು ಉಪ್ಪಿನ ಬಗ್ಗೆ ಕೇಳಿದರು. ಉಪ್ಪೆಲ್ಲ ಒಂದೇ ತರ, ನಿನಗೆ ಹೇಗೆ ಗೊತ್ತು ಎಂದರು ವಕೀಲರು. ಅತ್ತೆ ಜಡ್ಜರ ಕಡೆ ತಿರುಗಿದರು.

"ಸ್ವಾಮಿ, ಇವ್ರ್ ಕೋಟ್ ಹಾಕ್ದವ್ರೆಲ್ಲ ನಂಗೆ ಒಂದೇ ಕಣೆಗ್ ಕಾಂತ್ರ್. ನಿಮ್ಗೆ ಯಾರ್ ಯಾರಂದ್ ಗೊತ್ತಿತ್ತಲ್ದಾ? ಹಾಂಗೇ ನಂಗೆ ಉಪ್ಪ್."

ಜಡ್ಜರು ಮೇಜಿನ ಮೇಲೆ ಮೂರು ತಟ್ಟೆ ಇಡಿಸಿದರು. ಅತ್ತೆಯ ಮನೆಯ ಉಪ್ಪು, ಪೇಟೆಯ ಉಪ್ಪು, ಪೊಲೀಸರು ಯಾರ್ಡಿನ ಕೋಣೆಯಿಂದ ಮಹಜರು ಮಾಡಿ ತಂದದ್ದು. ಬಾಟ್ಲಿಯ ಅರಗು ಒಡೆದು ಪಕ್ಕದಲ್ಲಿ ಸುರಿದರು. ಬಾಟ್ಲಿಯದೂ ಯಾರ್ಡಿನದೂ ಒಂದೇ ಬೂದು, ಉಳಿದೆರಡು ಬಿಳಿ, ಹೇಳಬೇಕಾದದ್ದೇನೂ ಉಳಿಯಲಿಲ್ಲ. ಮೇಸ್ತ್ರಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಕೊನೆಗೆ ಸೊಸೆ. ಒಂದು ಗಂಟೆ ನಲವತ್ತು ನಿಮಿಷ ನಿಂತಳು. ಒಮ್ಮೆ ನೀರು ಕೇಳಿದಳು. ಗ್ಲಾಸಿನ ನೀರು ಅರ್ಧ ಚೆಲ್ಲಿತು, ಉಳಿದದ್ದನ್ನು ಕುಡಿದಳು. ವಕೀಲರು, "ನಿನ್ನ ಈ ಕತೆ ಯಾರು ನಂಬಬೇಕು?" ಎಂದರು. ಉಪ್ಪಿನ ಕೋಣೆಯಲ್ಲಿ ಅವನು ಹೇಳಿದ್ದ ಅದೇ ಮಾತು. ಅವಳು ಉಸಿರು ತೆಗೆದುಕೊಂಡಳು.

"ನಡ್ದದ್ದ್ ಹೇಳದ್ದ್ ನಾನ್. ನಂಬುದ್ ಬಿಡುದ್ ನಿಮ್ಮ್ ಕೆಲ್ಸ."

ನಂಬಿದರು. ಮೇಸ್ತ್ರಿಗೆ ಏಳು ವರ್ಷ ಶಿಕ್ಷೆಯಾಯಿತು. ತೀರ್ಪು ಓದಿದ್ದು ಇಂಗ್ಲಿಷಿನಲ್ಲಿ. ಅತ್ತೆ ನನ್ನ ತೋಳು ಜಗ್ಗಿ, "ಎಂತಂಬ್ರ್, ಎಂತಂಬ್ರ್?" ಎಂದು ಕೇಳುತ್ತಿದ್ದರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ನನ್ನ ಮುಖ ನೋಡಿ ಸೋತೆವೆಂದು ತಿಳಿದು ಅವರು ಜಡ್ಜರಿಗೆ ಬೈಯಲು ಎದ್ದೇ ಬಿಟ್ಟಿದ್ದರು. ಮೇಸ್ತ್ರಿಗೆ ಪೊಲೀಸರು ಬೇಡಿ ಹಾಕುವುದನ್ನು ಕಂಡ ಸೊಸೆಯೇ ಅತ್ತೆಯ ಸೆರಗು ಹಿಡಿದು ಕೂರಿಸಿ ಹೇಳಿದಳು: "ಅತ್ತೆ, ಗೆದ್ದಾಯ್ತ್. ಕೂಕಣಿ."

ನಮ್ಮ ಆಸ್ಪತ್ರೆಯ ರೂಲು ಬದಲಾಯಿತು. ಹೆಂಗಸರು ಗಾಯವಾಗಿ ಬಂದರೆ ಒಬ್ಬಳನ್ನೇ ಕೂರಿಸಿ ಕೇಳುವ ಮೊದಲು ನೀರು ಮುಟ್ಟಿಸುವಂತಿಲ್ಲ ಎಂದು ನಾನೇ ಕಾರ್ಡಿನಲ್ಲಿ ಬರೆದು ಹಂಡೆಯ ಮೇಲಿನ ಗೋಡೆಗೆ ಅಂಟಿಸಿದೆ. ಓದು ಬಾರದ ಆಯಾ ಅದನ್ನು ಬಾಯಿಪಾಠ ಮಾಡಿದ್ದಳು. ಒಂದು ಟ್ರಂಕಿನಲ್ಲಿ ಶುಚಿಯಾದ ಸೀರೆ, ರವಿಕೆ, ಬಟ್ಟೆ ಕಟ್ಟಲು ಕಂದು ಕಾಗದ, ಒಣ ಬಾಟ್ಲಿಗಳು, ಅಂಟುಪಟ್ಟಿ, ಪೆನ್ಸಿಲು. ಬೈಂದೂರಿನ, ಬ್ರಹ್ಮಾವರದ ನರ್ಸುಗಳು ಬಂದು ಅದರ ಪಟ್ಟಿ ಬರೆದುಕೊಂಡು ಹೋದರು.

ಆದರೆ ಕಾರ್ಡಿಗಿಂತ ದೂರ ಹೋದದ್ದು ಅತ್ತೆಯ ಬುಟ್ಟಿ. ಆ ವರ್ಷದ ಕೊನೆಗೆ ಯಡ್ತರೆಯಿಂದ ಒಬ್ಬಾಕೆ ಬಸ್ಸಿಳಿದು ಬಂದಳು. ಉಟ್ಟ ಸೀರೆಯಲ್ಲೇ ಇದ್ದಳು, ಮುಖ ಕೂಡ ತೊಳೆದಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು: "ಮೀನ್ ಬುಟ್ಟಿ ಅಮ್ಮ ಹೇಳಿರ್. ಅಂಥದ್ದೆಂತಾರೂ ಆಯ್ರೆ ಮೀಯದೆ ಹ್ವಾಯ್ಕ್ ಅಂದೇಳಿ. ಕುಂದಾಪ್ರದ್ ನರ್ಸಮ್ಮ ನಂಬ್ತ್ರ್ ಅಂದೇಳಿ."

ನಾನು ಪರದೆ ಎಳೆದೆ, ಸ್ಟೂಲು ಹಾಕಿ ಕೆಳಗೆ ಕೂತೆ. ನಾನು ಹೇಳದೆಯೇ ಆಯಾ ಟ್ರಂಕು ತಂದಿಟ್ಟಳು. ಆಮೇಲೆ ಬೇರೆಯವರೂ ಬಂದರು. ಎಲ್ಲರೂ ಕೋರ್ಟಿಗೆ ಹೋಗಲಿಲ್ಲ, ಹೋದವರೆಲ್ಲ ಗೆಲ್ಲಲೂ ಇಲ್ಲ. ಆದರೆ ಅಂಥ ಒಬ್ಬಳನ್ನೂ ನಮ್ಮ ವಾರ್ಡಿನಲ್ಲಿ ಕೇಳದೆ ತೊಳೆಯಲಿಲ್ಲ.

ಸೊಸೆಯನ್ನು ನಾನು ಕೊನೆಯ ಸಲ ಕಂಡದ್ದು ಎಪ್ಪತ್ತರ ದಶಕದ ಮೊದಮೊದಲು, ಆ ಆಸ್ಪತ್ರೆ ಬಿಡುವ ವಾರ. ಗಂಗೊಳ್ಳಿಯಲ್ಲಿ ಸಿಡುಬಿನ ಲಸಿಕೆ ಹಾಕಿ ಸಂಜೆ ದೋಣಿಯಲ್ಲಿ ವಾಪಸಾಗುತ್ತಿದ್ದೆ. ದೋಣಿ ಆಗಷ್ಟೇ ದಡ ಬಿಟ್ಟಿತ್ತು. ದಡದಲ್ಲಿ ಬಂಗುಡೆ ಏಲಂ ನಡೆದಿತ್ತು. ಕವುಚಿ ಹಾಕಿದ ಒಂದು ಬುಟ್ಟಿಯ ಮೇಲೆ ನಿಂತು ಏಲಂ ಕೂಗುತ್ತಿದ್ದವಳು ಅವಳೇ. ಸುತ್ತ ಗಂಡಸರು, ಐಸ್ ಪ್ಲಾಂಟಿನವರು, ಲಾರಿಯವರು. ಸ್ವರ ಥೇಟು ಅತ್ತೆಯದ್ದು. ಕೈ ಬೀಸಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ನನ್ನನ್ನು ಕಂಡು ಆ ಹಳೆಯ ಮಧ್ಯಾಹ್ನ ಅವಳಿಗೆ ನೆನಪಾಗುವುದು ಬೇಡವಿತ್ತು.

ಅಷ್ಟರಲ್ಲಿ ಏಲಂ ಅರ್ಧಕ್ಕೆ ನಿಂತಿತು.

"ಹ್ವಾಯ್ ಸಿಸ್ಟ್ರೇ!" ಇಡೀ ದಡ ತಿರುಗಿತು. "ಎಲ್ಲ್ ಕಂಡ್ಕಂಡ್ ಕೂಕಂಡಿದ್ರಿ? ನಿಮ್ಮ್ ಸೀರಿ ನೀರಂಗ್ ತೇಲ್ತಾ ಇತ್ತ್ ಕಾಣಿ!"

ದೋಣಿಯಲ್ಲಿದ್ದವರೂ ದಡದವರೂ ಒಟ್ಟಿಗೆ ನಕ್ಕರು. ನಾನು ಗಡಬಡಿಸಿ, ಒದ್ದೆಯಾದ ಸೆರಗನ್ನು ಮೇಲೆ ಎಳೆದುಕೊಂಡು ತಲೆಯೆತ್ತುವಷ್ಟರಲ್ಲಿ ಅವಳು ಆಚೆ ತಿರುಗಿ ಏಲಂ ಮುಂದುವರಿಸಿದ್ದಳು.